ಬರಿಗಾಲಿನ ಅಹ್ಮದ್ ಖಾನ್ ಮತ್ತು ನಮ್ಮ ಮನೆಯ ಹುಡುಗರು

ರೊನಾಲ್ಡೊ ಯಾವ ವರ್ಷ ಯಾವ ಕ್ಲಬ್ಬಿನಲ್ಲಿದ್ದ ಎಂಬುದನ್ನು ಉಸಿರು ಬಿಡದೆ ಹೇಳಬಲ್ಲ ಹುಡುಗರು ಟೇಕಲ್‌ನಲ್ಲಿಯೂ ಇದ್ದಾರೆ, ಮಾಲೂರು ಬಂಗಾರಪೇಟೆಗಳಲ್ಲಿಯೂ ಇದ್ದಾರೆ. ಆದರೆ ಇಲ್ಲಿಂದ ರೈಲು ಹತ್ತಿದರೆ ಸಿಗುವ ಬೆಂಗಳೂರಿನಲ್ಲಿ ಹುಟ್ಟಿ, ಎರಡು ಒಲಿಂಪಿಕ್ಸ್‌ಗಳಲ್ಲಿ ಭಾರತದ ಪರವಾಗಿ ಆಡಿದ ಅಹ್ಮದ್ ಖಾನರ ಹೆಸರು ಅವರ ಕಿವಿಗೆ ಬಿದ್ದಿಲ್ಲ. ತಪ್ಪು ಹುಡುಗರದಲ್ಲ. ಹೇಳಬೇಕಾದವರು ಹೇಳಿಲ್ಲ, ಅಷ್ಟೆ.

ಅಹ್ಮದ್ ಖಾನರು ಹುಟ್ಟಿದ್ದು 1926ರಲ್ಲಿ. ಅವರದು ಫುಟ್‌ಬಾಲಿನ ಮನೆತನ, ಸೋದರರೂ ಆಟಗಾರರೇ. ಅವರು ಬೆಳೆದ ಬೆಂಗಳೂರು ಮುಸ್ಲಿಮ್ಸ್ ತಂಡ ಸಾಮಾನ್ಯವಾದುದಲ್ಲ. ಬ್ರಿಟಿಷ್ ಸೇನಾ ತಂಡಗಳದ್ದೇ ಪಾರುಪತ್ಯವಾಗಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ನಾಗರಿಕ ತಂಡವದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆಚ್ಚಿನವರು ಬೂಟಿಲ್ಲದೆ ಆಡಿದ ನಮ್ಮ ತಂಡ ಫ್ರಾನ್ಸ್‌ಗೆ 1-2ರಿಂದ ಸೋತಿತು. ಎರಡು ಪೆನಾಲ್ಟಿಗಳು ಕೈತಪ್ಪದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಮರುವರ್ಷ ಅಹ್ಮದ್ ಖಾನರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಆ ಕ್ಲಬ್ಬಿನ ಮುಂಚೂಣಿಯಲ್ಲಿ ಆಡಿದ ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೆ, ಅಹ್ಮದ್ ಎಂಬ ಐವರನ್ನು ಬಂಗಾಳದ ಜನ ಪಂಚ ಪಾಂಡವರೆಂದು ಕರೆದರು. ಅವರಲ್ಲಿ ಇಬ್ಬರು ಮುಸಲ್ಮಾನರೆಂಬುದು ಆ ಹೆಸರಿಗೆ ಅಡ್ಡಿಯಾಗಲಿಲ್ಲ. ವಿಭಜನೆಯ ಗಾಯ ಹಸಿಯಾಗಿದ್ದ ಕಾಲದಲ್ಲಿ, ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ತಮ್ಮದೆಂದು ಎದೆಗಪ್ಪಿಕೊಂಡ ಕ್ಲಬ್ಬಿನಲ್ಲಿ ಬೆಂಗಳೂರಿನ ಒಬ್ಬ ಖಾನ್ ಹತ್ತು ವರ್ಷ ಕಣ್ಮಣಿಯಾಗಿದ್ದರು. ಈ ಮಾತನ್ನು ನಾವು ಇನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

1951ರ ಏಷ್ಯನ್ ಕ್ರೀಡಾಕೂಟದ ಚಿನ್ನ ಅವರದಾಯಿತು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಹತ್ತು ಗೋಲು ಹೊಡೆದ ದಿನ, ಭಾರತದ ಏಕೈಕ ಗೋಲು ಅವರ ಕಾಲಿನಿಂದಲೇ ಬಂತು. ಮರುವರ್ಷ ಕ್ಲಬ್ಬಿನೊಡನೆ ರುಮೇನಿಯಾ, ಸೋವಿಯತ್ ದೇಶಗಳನ್ನೂ ಕಂಡುಬಂದರು. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಇನ್ನಾ ಲಿಲ್ಲಾಹಿ ವಇನ್ನಾ ಇಲೈಹಿ ರಾಜಿಊನ್.

ಇಂದಿನ ಮುಂಚೂಣಿ ಆಟಗಾರನಿಗೆ ಒಂದೇ ಕ್ಲಬ್ಬಿನ ಹತ್ತು ವರ್ಷ ಎಂಬುದು ಅಪರೂಪ. ಗೋಲು ಬಂದರೆ ದೊಡ್ಡ ಕ್ಲಬ್ಬು ಕರೆಯುತ್ತದೆ, ಬಾರದಿದ್ದರೆ ಇದ್ದ ಕ್ಲಬ್ಬು ಬಿಡುತ್ತದೆ. ಎರಡರಲ್ಲಿಯೂ ಪೆಟ್ಟಿಗೆ ಕಟ್ಟುವುದು ತಪ್ಪದು. ಫ್ರಾನ್ಸ್‌ನಲ್ಲಿ ಹುಟ್ಟಿ ಮಾಲಿ ದೇಶಕ್ಕೆ ಆಡಿದ ಫ್ರೆಡರಿಕ್ ಕನೂಟೆ ಲಿಯಾನ್, ವೆಸ್ಟ್ ಹ್ಯಾಮ್, ಟಾಟನ್‌ಹ್ಯಾಮ್, ಸೆವಿಯ್ಯಾ, ಕೊನೆಗೆ ಬೀಜಿಂಗ್ ಎಂದು ಊರೂರು ಕಂಡವರು. ಸೆವಿಯ್ಯಾ ತಂಡದ ಅಂಗಿಯ ಮೇಲೆ ಜೂಜಿನ ಕಂಪನಿಯ ಹೆಸರು ಬಂದಾಗ ಅದನ್ನು ಧರಿಸಲು ಅವರ ಮನಸ್ಸು ಒಪ್ಪಲಿಲ್ಲ. 2007ರಲ್ಲಿ ಆ ನಗರದ ಒಂದು ಮಸೀದಿಯ ಕಟ್ಟಡ ಮಾರಾಟಕ್ಕೆ ಬಂದಾಗ ಸುಮಾರು 5 ಲಕ್ಷ ಯೂರೊ ತೆತ್ತು ಅದನ್ನು ಉಳಿಸಿಕೊಟ್ಟರು. ಪ್ರಯಾಣಿಕನಿಗೆ ನಮಾಝಿನಲ್ಲಿಯೂ ಉಪವಾಸದಲ್ಲಿಯೂ ರಿಯಾಯಿತಿ ಕೊಟ್ಟ ದೀನ್ ನಮ್ಮದು. ಹಲಾಲ್ ಹರಾಮ್‌ಗಳ ವಿಷಯದಲ್ಲಿ ಪ್ರಯಾಣಿಕನಿಗೆಂದು ಬೇರೆ ಲೆಕ್ಕವಿಲ್ಲ. ಅಂದಹಾಗೆ, ಮೊಬೈಲಿನಲ್ಲಿ ಹಣ ಕಟ್ಟಿ 'ತಂಡ' ರಚಿಸುತ್ತಿದ್ದ ದೊಡ್ಡವರು ನಮ್ಮ ಮನೆಗಳಲ್ಲಿಯೂ ಇದ್ದರು. 2025ರ ಕೇಂದ್ರ ಕಾಯ್ದೆ ಅದನ್ನು ನಿಷೇಧಿಸುವವರೆಗೆ ಅವರಿಗೆ ಕನೂಟೆಯ ಅಳುಕು ಕಾಡಲಿಲ್ಲ.

ಆಟವೇ ಅನಗತ್ಯವೆಂದು ತಳ್ಳಿಹಾಕುವವರೊಡನೆ ನಮಗೆ ಒಪ್ಪಿಗೆಯಿಲ್ಲ. ಪ್ರವಾದಿವರ್ಯರು(ಸ) ಹಝ್ರತ್ ಆಇಶಾರೊಂದಿಗೆ(ರ) ಓಟದ ಸ್ಪರ್ಧೆ ನಡೆಸಿದ್ದರು. ಮಸೀದಿಯ ಅಂಗಳದಲ್ಲಿ ಅಬಿಸೀನಿಯದವರ ಈಟಿಯಾಟವನ್ನು ಅವರಿಗೆ ತೋರಿಸಿದ್ದರು. ಆದರೆ "ಇದರಿಂದ ಹೊಟ್ಟೆ ತುಂಬುತ್ತದೆಯೇ?" ಎಂದು ತಾಯ್ತಂದೆಯರು ಕೇಳಿದರೆ ಅದು ಸಂಕುಚಿತ ಪ್ರಶ್ನೆಯಲ್ಲ. 2025ರ ಜುಲೈಯಲ್ಲಿ ದೇಶದ ಅಗ್ರ ಲೀಗ್ ಆದ ಐಎಸ್‌ಎಲ್ ಒಪ್ಪಂದದ ತಕರಾರಿನಿಂದ ಸ್ಥಗಿತಗೊಂಡಿತು. ಮರುತಿಂಗಳು ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಿತು. ತುತ್ತತುದಿಯಲ್ಲಿರುವವರ ಪಾಡೇ ಇದಾದರೆ ಕೆಳಗಿನ ಹಂತದವರ ಗತಿಯೇನು? ಮೂವತ್ತೈದರ ಹೊತ್ತಿಗೆ ಕಾಲು ಸೋಲುವ ಕಸುಬಿದು. ಮೊಣಕಾಲು ಅದಕ್ಕೂ ಮೊದಲೇ ಕೈಕೊಡಬಹುದು. ಆದ್ದರಿಂದ ಶಾಲೆ ಬಿಡಿಸಿ ಮೈದಾನಕ್ಕೆ ಕಳುಹಿಸುವುದನ್ನು ನಾವು ಒಪ್ಪುವುದಿಲ್ಲ. ಹುಡುಗ ಎಷ್ಟೇ ಚುರುಕಾಗಿರಲಿ, ಪಿಯುಸಿ ಪದವಿಗಳು ಅವನ ಕೈಯಲ್ಲಿರಲಿ.

ಇನ್ನೊಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಕಿರಿಯರ ತಂಡಕ್ಕೆ ಸೇರಿಸಲೆಂದು ಮಗನ ವಯಸ್ಸನ್ನು ಎರಡು ಮೂರು ವರ್ಷ ಇಳಿಸಿ ದಾಖಲೆ ಮಾಡಿಸುವ ಚಾಳಿ ಎಲ್ಲ ಸಮುದಾಯಗಳಲ್ಲಿಯೂ ಇದೆ; ನಮ್ಮಲ್ಲಿಯೂ ಇದೆ. ಮಣಿಕಟ್ಟಿನ ಎಲುಬಿನ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುತ್ತದೆ. 2009ರಿಂದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಎಂಆರ್‌ಐ ಮೂಲಕವೇ ನೋಡುತ್ತಾರೆ. ಸಿಕ್ಕಿಬೀಳದಿದ್ದರೂ ಆ ಸುಳ್ಳಿನಿಂದ ಇನ್ನೊಬ್ಬ ಬಡವನ ಮಗ ತಂಡದಿಂದ ಹೊರಗುಳಿದಿರುತ್ತಾನೆ. ಅವನ ಹಕ್ಕನ್ನು ಕಸಿದು ತಂದ ಸಂಬಳ ನಮ್ಮ ತಟ್ಟೆಗೆ ಬರುವುದು ಬೇಡ.

ಒಪ್ಪಂದದ ಕಾಗದ ಇಂಗ್ಲಿಷಿನಲ್ಲಿರುತ್ತದೆ, ಏಜೆಂಟನು ಅವಸರಪಡಿಸುತ್ತಾನೆ, ಅಬ್ಬಾ ಸಹಿ ಹಾಕುತ್ತಾರೆ. ಗಾಯವಾದರೆ ಚಿಕಿತ್ಸೆಯ ವೆಚ್ಚ ಯಾರದು, ಮಧ್ಯದಲ್ಲಿ ಕೈಬಿಟ್ಟರೆ ಬಾಕಿ ಸಂಬಳವೇನು, ಏಜೆಂಟನ ಪಾಲೆಷ್ಟು ಎಂಬುದನ್ನು ಸಹಿಗೆ ಮೊದಲೇ ತಿಳಿಯಬೇಕು. ಹುಡುಗ ಹನ್ನೆರಡನೆಯ ವಯಸ್ಸಿನಿಂದ ಯಾವ ಕ್ಲಬ್ಬುಗಳಲ್ಲಿ ನೋಂದಣಿಯಾಗಿದ್ದನೆಂಬುದಕ್ಕೂ ಬೆಲೆಯಿದೆ. ಮುಂದೆ ಅವನು ಹಣದ ಮೇಲೆ ವಿದೇಶದ ಕ್ಲಬ್ಬಿಗೆ ವರ್ಗವಾದರೆ, ಆ ಮೊತ್ತದ ಶೇ. 5ನ್ನು ಅವನನ್ನು ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕೆಂದು ಫಿಫಾ ನಿಯಮವಿದೆ. ಹಳ್ಳಿಯ ಮೈದಾನದ ತಂಡ ಯಾವ ಪುಸ್ತಕದಲ್ಲಿಯೂ ಇಲ್ಲದಿದ್ದರೆ ಅದಕ್ಕೆ ಚಿಕ್ಕಾಸೂ ಬಾರದು. ನಮ್ಮ ಮಸೀದಿ ಕಮಿಟಿಗಳು ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿಕೊಡುವ ಒಳ್ಳೆಯ ಕೆಲಸವನ್ನು ಮಾಡುತ್ತಿವೆ. ಜುಮಾ ನಮಾಝಿನ ನಂತರ ಅದೇ ಮೇಜಿನ ಬಳಿ ಕಾನೂನು ಬಲ್ಲ ಒಬ್ಬರು ಕುಳಿತು ಇಂತಹ ಒಪ್ಪಂದಗಳನ್ನೂ ಓದಿ ಹೇಳುವುದಾದರೆ ಅದಕ್ಕೆ ಬೇರೆ ಕಟ್ಟಡವಾಗಲಿ ಚಂದಾವಾಗಲಿ ಬೇಕಿಲ್ಲ.