‘ಯಾರೂ ಇಲ್ಲದ ಬೀಚ್’ ಯಾರದ್ದು?

ಕುಮಟಾದಿಂದ ಗೋಕರ್ಣಕ್ಕೆ ಕಡಲಂಚಿನಲ್ಲೇ ನಡೆಯುವುದು ಈಗ ಬೆಂಗಳೂರಿನವರಿಗೆ ವೀಕೆಂಡ್ ಟ್ರೆಕ್. ಬಾಡ, ಕಾಗಾಲ, ಅಘನಾಶಿನಿ; ಅಲ್ಲಿ ದೋಣಿ ಹತ್ತಿ ತದಡಿ; ಮುಂದೆ ಗುಡ್ಡ ಹತ್ತಿ ಇಳಿದರೆ ಪ್ಯಾರಡೈಸ್, ಹಾಫ್ ಮೂನ್, ಓಂ ಬೀಚ್. ನಡುವೆ ಎಷ್ಟೋ ಕಡೆ ರಸ್ತೆ ಇಲ್ಲ, ಅಂಗಡಿ ಇಲ್ಲ. ಕಳೆದ ಚಳಿಗಾಲದಲ್ಲಿ ನಾನೂ ನಡೆದೆ. ಚೆಂದವೇ, ಎರಡು ಮಾತಿಲ್ಲ. ಕಾಗಾಲದ ಆಚೆ ಅರ್ಧ ಗಂಟೆ ನಡೆದರೂ ಎದುರಿಗೆ ಒಬ್ಬರೂ ಸಿಗಲಿಲ್ಲ.

ನನ್ನ ತಕರಾರು ಅದಕ್ಕೆ ಕಟ್ಟಿದ ಹೆಸರಿನ ಬಗ್ಗೆ. ರೀಲ್ಸ್‌ನಲ್ಲಿ ‘ಯಾರೂ ಇಲ್ಲದ ಬೀಚ್’, ‘ವರ್ಜಿನ್ ಬೀಚ್’. ಪೇಪರಿನಲ್ಲೂ ಅದೇ. ಹಾಗಾದರೆ ಮರಳಿನ ಮೇಲೆ ಎಳೆದಿಟ್ಟ ಪಾತಿ ದೋಣಿ ಯಾರದ್ದು? ಒಣಗಲು ಹರಡಿದ ಬಲೆ? ಬೆಳಗಿನ ಮೀನುಗಾರಿಕೆ ಮುಗಿಸಿ ಅವರು ಮನೆಗೆ ಹೋಗಿರುತ್ತಾರೆ, ಅಷ್ಟೇ. ಮಟಮಟ ಮಧ್ಯಾಹ್ನ ನಿಮ್ಮ ಗದ್ದೆಯಲ್ಲಿ ನೀವು ಕಾಣದಿದ್ದರೆ ಅದನ್ನು ಖಾಲಿ ಜಾಗ ಅಂತ ಯಾರಾದರೂ ಬರೆದರೆ ಸುಮ್ಮನಿರುತ್ತೀರಾ?

ಅಘನಾಶಿನಿಯ ಅಳಿವೆ ನೋಡಿ. ಅಣೆಕಟ್ಟು ಕಾಣದ ನದಿ ಇದು. ನೀರು ಇಳಿದ ಹೊತ್ತಿಗೆ ಹೆಂಗಸರು, ಗಂಡಸರು ಸೊಂಟದವರೆಗೆ ನೀರಿನಲ್ಲಿ ನಿಂತು ಬಳಚು ಹೆಕ್ಕುತ್ತಾರೆ. ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುತ್ತದೆ. ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುತ್ತಾರೆ. 2024ರ ಜನವರಿಯಲ್ಲಿ ಈ ಅಳಿವೆಗೆ ರಾಮ್ಸರ್ ಪಟ್ಟ ಸಿಕ್ಕಿತು. ಇಷ್ಟು ದುಡಿಮೆ ನಡೆಯುವ ಜಾಗ ಅಭಿವೃದ್ಧಿ ಆಗಿಲ್ಲ ಅಂತೆ!

ಖಾಲಿ ಅನ್ನುವ ಮಾತು ರೀಲ್ಸ್‌ನಲ್ಲೇ ಉಳಿದಿದ್ದರೆ ಚಿಂತೆ ಇರಲಿಲ್ಲ. ಇದೇ ತದಡಿಗೆ 4000 ಮೆಗಾವಾಟಿನ ವಿದ್ಯುತ್ ಸ್ಥಾವರ ತರಲು ಹೊರಟಿದ್ದರು. ಊರಿನವರು ಗಟ್ಟಿಯಾಗಿ ಬೇಡ ಅಂದರು, ಅದು ಬರಲಿಲ್ಲ. ಆಮೇಲೆ ದೊಡ್ಡ ಬಂದರಿನ ಮಾತು ಬಂತು. ನಕ್ಷೆಯಲ್ಲಿ ಮನೆ ಕಾಣದ ಜಾಗದ ಮೇಲೆಯೇ ಮೊದಲು ಕಣ್ಣು ಬೀಳುವುದು.

ಪ್ರವಾಸಿಗರು ಬರಬೇಡಿ ಅನ್ನುತ್ತಿಲ್ಲ. ಬನ್ನಿ, ಊರ ಮನೆಯಲ್ಲಿ ದುಡ್ಡು ಕೊಟ್ಟು ಮೀನೂಟ ಮಾಡಿ, ಬಾಟಲಿ ವಾಪಸ್ ಒಯ್ಯಿರಿ. ಚಳಿಗಾಲದಲ್ಲಿ ಈ ಕರಾವಳಿಗೆ ಕಡಲಾಮೆ ಮೊಟ್ಟೆ ಇಡಲು ಬರುತ್ತದೆ. ರಾತ್ರಿ ಬೆಂಕಿ, ದೊಡ್ಡ ಲೈಟು ಬೇಡ; ಮರಿಗಳು ಬೆಳಕು ಕಂಡ ಕಡೆಗೇ ಹೋಗುತ್ತವೆ.

ಇನ್ನು ಕಡಲೂರಿನ ಅಣ್ಣ, ಅಕ್ಕಂದಿರಿಗೆ ಒಂದು ಮಾತು. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಪ್ರಕಾರ ಮೀನುಗಾರರ ಊರು, ಮೀನು ಒಣಗಿಸುವ ಜಾಗ, ಜೆಟ್ಟಿ ಎಲ್ಲವನ್ನೂ ನಕ್ಷೆಯಲ್ಲಿ ಗುರುತಿಸಬೇಕು. ನಿಮ್ಮೂರಿನದು ಅದರಲ್ಲಿ ಇದೆಯೇ? ಮುಂದಿನ ಗ್ರಾಮಸಭೆಯಲ್ಲಿ ನಕ್ಷೆ ತರಿಸಿ, ದೋಣಿ ಎಳೆಯುವ ಜಾಗಕ್ಕೆ ಬೆರಳಿಟ್ಟು ಕೇಳಿ.