ಮೊಲದ ಆಪರೇಷನ್: ‘ಎಷ್ಟಾಗತೈತ್ರಿ?’ ಅನ್ನೋದು ಕೊನೆಯ ಪ್ರಶ್ನೆ ಆಗಲಿ

ಪ್ರಶ್ನೆ ಕೇಳುವುದೇ ನನ್ನ ಹೊಟ್ಟೆಪಾಡು. ತಹಶೀಲ್ದಾರರಿಗೆ ಕೇಳುತ್ತೇನೆ, ಪಿಡಿಒಗೆ ಕೇಳುತ್ತೇನೆ, ಬೆಳೆ ವಿಮೆಯವರಿಗೂ ಕೇಳುತ್ತೇನೆ. ಆದರೆ ಅಕ್ಕನ ಮಗಳ ಮೊಲವನ್ನು ಆಪರೇಷನ್‌ಗೆ ಒಯ್ದ ದಿನ ಡಾಕ್ಟರಿಗೆ ಕೇಳಿದ್ದು ಒಂದೇ ಪ್ರಶ್ನೆ: “ಎಷ್ಟಾಗತೈತ್ರಿ?” ಮೂರನೇ ದಿನ ಮೊಲ ಸತ್ತಿತು.

ಕಥೆ ಶುರುವಾಗಿದ್ದು ಸಂತೆಯಲ್ಲಿ. ಹುಡುಗಿ ಹಟ ಮಾಡಿದಳೆಂದು ಅಕ್ಕ ಒಂದು ಜೋಡಿ ಬಿಳಿ ಮೊಲ ತಂದಳು. “ಎರಡೂ ಹೆಣ್ಣ ಅದಾವ್ರಿ, ಮರಿ ಗಿರಿ ಚಿಂತಿ ಇಲ್ಲ” ಅಂದಿದ್ದ ಮಾರುವವ. ಕೆಲವೇ ತಿಂಗಳಲ್ಲಿ ಹೆಬ್ಬಳ್ಳಿಯ ಮನೆಯ ಹಿತ್ತಲಲ್ಲಿ ಏಳು ಮರಿ! ಅವು ಹುಲ್ಲು ತಿನ್ನಲು ಕಲಿತು ಸ್ವಲ್ಪ ದಿನವಾಗುವಷ್ಟರಲ್ಲಿ ಇನ್ನೊಂದು ಸೂಲು. ಮೊಲ ಗಬ್ಬವಿರುವುದು 30ರಿಂದ 32 ದಿನ ಮಾತ್ರ, ಮರಿ ಹಾಕಿದ ದಿನವೇ ಮತ್ತೆ ಗಬ್ಬ ನಿಲ್ಲಬಲ್ಲದು ಎಂದು ನನಗೆ ಗೊತ್ತಾಗಿದ್ದು ಆಮೇಲೆ.

ಮರಿಗಳನ್ನು ಅವರಿವರಿಗೆ ಕೊಟ್ಟೆವು. ಕೆಲವರು “ಹೊಲದಾಗ ಬಿಟ್ಟು ಬಾ” ಅಂದರು. ಪಂಜರದಲ್ಲಿ ಬೆಳೆದ ಬಿಳಿ ಮೊಲ ನಮ್ಮ ಕರಿ ಮಣ್ಣಿನ ಹೊಲದಲ್ಲಿ ಒಂದು ರಾತ್ರಿ ಉಳಿಯುವುದಿಲ್ಲ. ನಾಯಿ, ನರಿ, ಹದ್ದು ಎಲ್ಲಕ್ಕೂ ಅದು ದೂರದಿಂದಲೇ ಕಾಣುತ್ತದೆ. ಹಾಗಾಗಿ ಆಪರೇಷನ್ ಮಾಡಿಸೋಣ ಎಂದುಕೊಂಡೆವು. ಆ ತೀರ್ಮಾನ ತಪ್ಪಾಗಿರಲಿಲ್ಲ. ಡಾಕ್ಟರನ್ನು ಆರಿಸಿದ ರೀತಿ ತಪ್ಪಾಗಿತ್ತು.

ಆ ಡಾಕ್ಟರ್ ಕೆಟ್ಟವರೇನಲ್ಲ. ಎಷ್ಟೋ ಎಮ್ಮೆ, ಆಕಳುಗಳ ಜೀವ ಉಳಿಸಿದವರು. ನಾಯಿಗಳ ಆಪರೇಷನ್‌ನಲ್ಲಿ ಪಳಗಿದ ಕೈ. “ಮಾಡೂಣ ತಗೋರಿ, ರಾತ್ರಿಯಿಂದ ಏನೂ ತಿನ್ನಸಬ್ಯಾಡ್ರಿ” ಅಂದರು. ನಾವು ಹಾಗೇ ಮಾಡಿದೆವು. ಸಂಜೆ ಮೊಲ ಅರೆನಿದ್ದೆಯಲ್ಲಿ, ತಣ್ಣಗಿನ ಕಿವಿಯೊಂದಿಗೆ ಮನೆಗೆ ಬಂತು. ಮರುದಿನ ಮೂಲೆ ಹಿಡಿದು ಕೂತಿತು, ಕರಕಿ ಮುಟ್ಟಲಿಲ್ಲ, ಒಂದು ಹಿಕ್ಕೆ ಸಹ ಹಾಕಲಿಲ್ಲ. ಫೋನ್ ಮಾಡಿದರೆ, “ತಾನ ತಿಂತೈತಿ ಬಿಡ್ರಿ” ಅಂದರು. ಅದು ತಿನ್ನಲೇ ಇಲ್ಲ.

“ಮಾಮಾ, ನೀ ಡಾಕ್ಟರಿಗೆ ಸರಿ ಕೇಳಿದ್ದಿ ಹೌದಿಲ್ಲೋ?” ಎಂದು ಹುಡುಗಿ ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಆ ಉತ್ತರ ಹುಡುಕುತ್ತಾ ಪಶುವೈದ್ಯರನ್ನು ಕಂಡು, ಓದಿ, ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊಲ ಅಂದರೆ ಸಣ್ಣ ನಾಯಿ ಅಲ್ಲ

ನಾಯಿಗೆ ಆಪರೇಷನ್ ಮುಂಚೆ ಉಪವಾಸ ಇಡುತ್ತಾರೆ. ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕ್ಕೆ ಸಿಕ್ಕೀತು ಎಂಬ ಭಯಕ್ಕೆ. ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ಅದರ ಕರುಳು ಹಗಲೂ ರಾತ್ರಿ ನಡೆಯುತ್ತಲೇ ಇರಬೇಕು. ಹೊಟ್ಟೆ ಖಾಲಿ ಬಿಟ್ಟರೆ, ನೋವಾದರೆ, ಹೆದರಿದರೆ ಕರುಳು ನಿಂತುಬಿಡುತ್ತದೆ. ನಮ್ಮ ಮೊಲಕ್ಕೆ ಈ ಮೂರೂ ಆಗಿದ್ದವು.

ಇಂಗ್ಲೆಂಡ್ ಕಡೆ ನಡೆದ ಒಂದು ದೊಡ್ಡ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅರಿವಳಿಕೆ ಕೊಟ್ಟ ಪ್ರತಿ 10,000 ನಾಯಿಗಳಲ್ಲಿ ಸತ್ತಿದ್ದು ಸುಮಾರು 17, ಬೆಕ್ಕುಗಳಲ್ಲಿ 24, ಮೊಲಗಳಲ್ಲಿ 139. ಸತ್ತ ಮೊಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತಿದ್ದು ಟೇಬಲ್ ಮೇಲೆ ಅಲ್ಲ, ಆಪರೇಷನ್ ಮುಗಿದ ಮೇಲೆ. ಅಂದರೆ ಕೊಯ್ಯುವ ಕೈ ಎಷ್ಟು ಮುಖ್ಯವೋ, ಆಮೇಲೆ ನೋಡಿಕೊಳ್ಳುವ ಕಣ್ಣೂ ಅಷ್ಟೇ ಮುಖ್ಯ.

ಹಾಗಂತ ಆಪರೇಷನ್ನೇ ಬೇಡ ಅನ್ನುವಂತಿಲ್ಲ. ಅದೇ ಅಧ್ಯಯನದಲ್ಲಿ ಆರೋಗ್ಯವಂತ ಮೊಲಗಳನ್ನಷ್ಟೇ ತೆಗೆದುಕೊಂಡರೆ ಸಾವು ನೂರಕ್ಕೆ ಒಂದಕ್ಕಿಂತ ಕಡಿಮೆ. ಇತ್ತ ಆಪರೇಷನ್ ಆಗದ ಹೆಣ್ಣು ಮೊಲಕ್ಕೆ ಮೂರು ನಾಲ್ಕು ವರ್ಷ ದಾಟಿದ ಮೇಲೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಬಹಳ. ಮರಿ ತಡೆಯುವುದಷ್ಟೇ ಅಲ್ಲ, ಅದರ ಜೀವಕ್ಕೂ ಆಪರೇಷನ್ ಒಳ್ಳೆಯದೇ. ಆದರೆ ಬಲ್ಲವರ ಕೈಯಲ್ಲಿ ಆಗಬೇಕು.

ಫೋನ್‌ನಲ್ಲೇ ಕೇಳಬೇಕಾದ ಐದು ಪ್ರಶ್ನೆ

1. “ಡಾಕ್ಟ್ರ, ಎಷ್ಟ ಹೆಣ್ಣ ಮೊಲಕ್ಕ ಆಪರೇಷನ್ ಮಾಡೀರಿ? ಎಷ್ಟ ಸತ್ತಾವ?” ಹೆಣ್ಣು ಎಂದೇ ಕೇಳಿ. ಗಂಡಿನ ಬೀಜ ತೆಗೆಯುವುದು ಸಣ್ಣ ಕೆಲಸ, ಹೆಣ್ಣಿಗೆ ಹೊಟ್ಟೆ ತೆರೆಯಬೇಕು. “ಒಂದೂ ಸತ್ತಿಲ್ಲ” ಅನ್ನುವವರಿಗಿಂತ “ಎರಡು ಸತ್ತವು, ಕಾರಣ ಇದು” ಅನ್ನುವವರನ್ನು ನಾನು ಹೆಚ್ಚು ನಂಬುತ್ತೇನೆ.

2. “ಉಪವಾಸ ಇಡಬೇಕೇನ್ರಿ?” ರಾತ್ರಿಯಿಂದ ಇಡಿ ಅಂದರೆ ಅಲ್ಲೇ ನಿಲ್ಲಿಸಿ. ಬಾಯಲ್ಲಿ ಮೇವು ಉಳಿಯದಿರಲಿ ಎಂದು ಗಂಟೆ, ಎರಡು ಗಂಟೆ ಮುಂಚೆ ಮೇವು ತೆಗೆಯಲು ಹೇಳಿದರೆ ಸರಿ. ಈ ಒಂದು ಪ್ರಶ್ನೆಯಲ್ಲೇ ಮೊಲ ಬಲ್ಲ ಡಾಕ್ಟರ್ ಯಾರು ಅನ್ನುವುದು ಬಹುಪಾಲು ಗೊತ್ತಾಗುತ್ತದೆ.

3. “ಅರವಳಿಕಿ ಹೆಂಗ ಕೊಡ್ತೀರಿ, ಯಾರ ನೋಡ್ಕೋತಾರ?” ಮೊಲವನ್ನು ಗ್ರಾಂ ಲೆಕ್ಕದಲ್ಲಿ ತೂಗಿಯೇ ಮದ್ದು ಹಾಕಬೇಕು. ಆಮ್ಲಜನಕ ಇರಬೇಕು. ಮೈ ತಣ್ಣಗಾಗದಂತೆ ಬಿಸಿ ಹಾಸು ಇರಬೇಕು. ಡಾಕ್ಟರ್ ಕೊಯ್ಯುವಾಗ ಉಸಿರು, ಎದೆಬಡಿತ ನೋಡಲು ಇನ್ನೊಬ್ಬರು ಇರಬೇಕು.

4. “ನೋವಿಗೆ ಏನ ಕೊಡ್ತೀರಿ? ಆ್ಯಂಟಿಬಯೋಟಿಕ್ ಯಾವದು?” ನೋವು ಇದ್ದರೆ ಮೊಲ ತಿನ್ನುವುದಿಲ್ಲ, ತಿನ್ನದಿದ್ದರೆ ಉಳಿಯುವುದಿಲ್ಲ. ಮೆಲಾಕ್ಸಿಕ್ಯಾಮ್‌ನಂಥ ನೋವಿನ ಔಷಧ ಮನೆಗೂ ಕೊಟ್ಟು ಕಳಿಸಬೇಕು. ಇನ್ನು ಮನುಷ್ಯರಿಗೆ, ನಾಯಿಗೆ ಸಾಮಾನ್ಯವಾಗಿ ಕೊಡುವ ಅಮಾಕ್ಸಿಸಿಲಿನ್ ಮೊಲದ ಬಾಯಿಗೆ ಹಾಕಿದರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ಮೊಲವೇ ಸಾಯಬಹುದು. ಮೊಲ ಬಲ್ಲ ಡಾಕ್ಟರಿಗೆ ಇದು ಗೊತ್ತಿರುತ್ತದೆ. ಮೆಡಿಕಲ್ ಅಂಗಡಿಯಿಂದ ನೀವೇ ತಂದು ಹಾಕಬೇಡಿ.

5. “ಮನಿಗೆ ಯಾವಾಗ ಕಳಸ್ತೀರಿ? ರಾತ್ರಿ ತ್ರಾಸಾದ್ರ ಫೋನ್ ಯಾರ ಎತ್ತತಾರ?” ಪೂರ್ತಿ ಎಚ್ಚರವಾಗಿ, ಮೈ ಬೆಚ್ಚಗಾಗಿ, ಸ್ವಲ್ಪವಾದರೂ ತಿಂದ ಮೇಲೆಯೇ ಕಳಿಸಬೇಕು.

ಐದಕ್ಕೂ ಸಮಾಧಾನದ ಉತ್ತರ ಸಿಕ್ಕ ಮೇಲೆ ರೊಕ್ಕದ ಮಾತು. ಸಂತೆಯಲ್ಲಿ ಜೋಡಿ ಮೊಲಕ್ಕೆ ಕೊಟ್ಟಿದ್ದಕ್ಕಿಂತ ಆಪರೇಷನ್‌ಗೆ ಹೆಚ್ಚು ಬೀಳುತ್ತದೆ. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಇನ್ನೊಂದು ಮಾತು. ಕಂಪೌಂಡರ್ ಕೈಯಲ್ಲಿ, ‘ಅನುಭವ ಇದೆ’ ಅನ್ನುವವರ ಕೈಯಲ್ಲಿ ಆಪರೇಷನ್ ಬೇಡವೇ ಬೇಡ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಪ್ರಕಾರ ನೋಂದಾಯಿತ ಪಶುವೈದ್ಯರೇ ಇದನ್ನು ಮಾಡಬೇಕು. ನೋಂದಣಿ ಸಂಖ್ಯೆ ಕೇಳುವುದು ಅವಮಾನ ಅಲ್ಲ.

“ನಾ ಮೊಲ ಮಾಡಿಲ್ರಿ” ಅಂದವರಿಗೆ ಕೈ ಮುಗಿಯಿರಿ

ಆ ಮೊಲ ಸತ್ತ ಮೇಲೆ ಮನೆಯಲ್ಲಿ ಗಂಡು ಮತ್ತು ಒಂದು ಹೆಣ್ಣು ಮರಿ ಉಳಿದಿದ್ದವು. ಈ ಸಲ ಫೋನ್ ಹಿಡಿದು ಕೂತೆ. ಒಬ್ಬ ಡಾಕ್ಟರ್ ನೇರವಾಗಿ, “ನಾ ಮೊಲ ಮಾಡಿಲ್ರಿ, ಸುಳ್ಳ ಯಾಕ ಹೇಳ್ಲಿ” ಅಂದರು. ನನ್ನ ಪಾಲಿಗೆ ಒಳ್ಳೆಯ ಡಾಕ್ಟರ್ ಅವರೇ. ಊರವರು ಬಂದು ಕೇಳಿದಾಗ ‘ಬರುವುದಿಲ್ಲ’ ಅನ್ನುವುದಕ್ಕೆ ಧೈರ್ಯ ಬೇಕು. ನಾವು ಅಂಥವರನ್ನು “ಏನೂ ಬರೂದಿಲ್ಲ ಅವಗ” ಎಂದು ಆಡಿಕೊಂಡರೆ, ನಾಳೆ ಅವರೂ “ಮಾಡೂಣ ತಗೋರಿ” ಅನ್ನಲು ಕಲಿಯುತ್ತಾರೆ.

ಅವರೇ ಇನ್ನೊಬ್ಬರ ಹೆಸರು ಕೊಟ್ಟರು. ಆ ಡಾಕ್ಟರ್ ಐದೂ ಪ್ರಶ್ನೆಗೆ ಉತ್ತರಿಸಿ, “ಸದ್ಯ ಗಂಡಿಂದ ಮಾಡೂಣ. ಹೆಣ್ಣ ಇನ್ನೂ ಸಣ್ಣದು, ಐದಾರ ತಿಂಗಳಾಗಲಿ” ಅಂದರು. ಗಂಡಿಗೆ ಮಾಡಿಸಿದೆವು. ಅಂದೇ ಸಂಜೆ ಅದು ಕೊತ್ತಂಬರಿ ತಿಂದಿತು. ಬೀಜ ತೆಗೆದ ಮೇಲೂ ನಾಲ್ಕರಿಂದ ಆರು ವಾರ ಗಂಡು ಗಬ್ಬ ಕಟ್ಟಿಸಬಲ್ಲದು ಎಂದು ಅವರು ಎಚ್ಚರಿಸಿದ್ದರಿಂದ, ಅಷ್ಟು ದಿನ ಬೇರೆ ಪೆಟ್ಟಿಗೆಯಲ್ಲಿ ಇಟ್ಟೆವು.

ನಿಮ್ಮ ಕಡೆ ಹೆಣ್ಣು ಮೊಲದ ಆಪರೇಷನ್ ಬಲ್ಲವರು ಸಿಗದಿದ್ದರೆ ಅವಸರ ಬೇಡ. ಮೊದಲು ಡಾಕ್ಟರಿಂದಲೇ ಗಂಡು ಯಾವುದು, ಹೆಣ್ಣು ಯಾವುದು ಎಂದು ಖಾತ್ರಿ ಮಾಡಿಕೊಳ್ಳಿ. ಮೂರು ತಿಂಗಳು ತುಂಬುವ ಮೊದಲೇ ಬೇರೆ ಬೇರೆ ಪೆಟ್ಟಿಗೆಗೆ ಹಾಕಿ. ಒಂದು ಜಾಲರಿಯ ಖರ್ಚಿನಲ್ಲಿ ಮರಿ ನಿಲ್ಲುತ್ತವೆ. ಆಮೇಲೆ ನಿಧಾನವಾಗಿ ಸರಿಯಾದ ಡಾಕ್ಟರನ್ನು ಹುಡುಕಿ. ಗದಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಬೆಂಗಳೂರಿನ ಹೆಬ್ಬಾಳದಲ್ಲಿ 1958ರಿಂದ ಇರುವ ಹಳೆಯ ಕಾಲೇಜಿದೆ. ಅಲ್ಲಿಗೂ ಮೊದಲು ಫೋನ್ ಮಾಡಿ, ಇವೇ ಪ್ರಶ್ನೆ ಕೇಳಿ, ಆಮೇಲೆ ಬಸ್ ಹತ್ತಿ.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಕೆಲಸ ನಿಮ್ಮದು. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕದಲ್ಲಿಡಿ. ಒಣಹುಲ್ಲು, ಕರಕಿ, ಕೊತ್ತಂಬರಿ ಬಾಯಿ ಹತ್ತಿರ ಇಡಿ. ಹಿಕ್ಕೆ ಎಣಿಸಿ. ಹನ್ನೆರಡು ತಾಸು ತಿನ್ನದೆ, ಹಿಕ್ಕೆ ಹಾಕದೆ ಕೂತರೆ ಬೆಳಗಾಗಲಿ ಅಂತ ಕಾಯಬೇಡಿ, ಡಾಕ್ಟರನ್ನು ಎಬ್ಬಿಸಿ. “ತಾನ ತಿಂತೈತಿ” ಅಂದರೆ ನಂಬಬೇಡಿ.

ಇಷ್ಟು ಮಾಡಲು ದೊಡ್ಡ ಖರ್ಚು ಬೇಕಿಲ್ಲ

“ಎಮ್ಮಿಗೇ ಡಾಕ್ಟರ್ ಸಿಗಂಗಿಲ್ಲ, ಇಂವ ಮೊಲದ್ದ ಹೇಳಾಕತ್ತಾನ” ಎಂದು ಕಟ್ಟೆಯ ಮೇಲೆ ಕೂತ ಹಿರಿಯರು ನಕ್ಕರು. ಅವರ ಮಾತಿನಲ್ಲಿ ಸತ್ಯ ಇದೆ. ಎಮ್ಮೆ ಸಂಸಾರ ನಡೆಸುತ್ತದೆ, ಮೊಲ ನಡೆಸುವುದಿಲ್ಲ. ಆದರೆ ನಾನು ಹೊಸ ಆಸ್ಪತ್ರೆ ಕೇಳುತ್ತಿಲ್ಲ. ಬೀದಿ ನಾಯಿಗಳಿಗೆ 2023ರ ಸಂತಾನ ನಿಯಂತ್ರಣ ನಿಯಮಗಳಿವೆ. ದನಕರುಗಳಿಗೆ 1962 ಸಹಾಯವಾಣಿ ಇದೆ. ಮೊಲ ಸಾಕುವವರಿಗೆ ಒಂದು ಹಾಳೆ ಸಾಕು. ಜಿಲ್ಲೆಯಲ್ಲಿ ಯಾವ ಡಾಕ್ಟರ್ ಮೊಲ ನೋಡುತ್ತಾರೆ, ಯಾರು ಹೆಣ್ಣು ಮೊಲದ ಆಪರೇಷನ್ ಮಾಡುತ್ತಾರೆ ಎಂದು ಪಶುಸಂಗೋಪನಾ ಇಲಾಖೆ ಬರೆದು ಪ್ರತಿ ಪಶು ಆಸ್ಪತ್ರೆಯ ಗೋಡೆಗೆ ಅಂಟಿಸಲಿ. ‘ನಾ ಮಾಡಿಲ್ರಿ’ ಅನ್ನುವ ಡಾಕ್ಟರಿಗೆ ‘ಅಲ್ಲಿ ಹೋಗ್ರಿ’ ಅನ್ನಲು ಒಂದು ಹೆಸರು ಸಿಗುತ್ತದೆ.

ಅಕ್ಕನ ಮಗಳು ಈಗ ಆ ಐದು ಪ್ರಶ್ನೆಗಳನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದಾಳೆ. ಹೆಣ್ಣು ಮರಿಗೆ ಆರು ತಿಂಗಳು ತುಂಬುತ್ತಾ ಬಂತು. “ಈ ಸಲ ನಾನ ಕೇಳ್ತೀನಿ ಮಾಮಾ, ನೀ ಸುಮ್ಮ ನಿಂದ್ರು” ಅಂದಿದ್ದಾಳೆ. ನಿಂತುಕೊಳ್ಳುತ್ತೇನೆ.