ಬೆಳೆ ಪಟ್ಟಿ ಪಂಚಾಯ್ತಿ ಗೋಡೆಗೆ ಬರಲಿ

ನಂದು ಜಗಳೂರು ತಾಲ್ಲೂಕಿನ ಖುಷ್ಕಿ ಹೊಲ, 4 ಎಕರೆ. ಹೋದ ವರ್ಷ ಶೇಂಗಾ ಬಿತ್ತಿ ತೊಗರಿ ಅಕ್ಕಡಿ ಹಾಕಿದ್ದೆ. ಬೆಳೆ ಸಮೀಕ್ಷೆಗೆ ಬಂದ ಹುಡುಗ ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ಫೋಟೊ ಹೊಡ್ಕೊಂಡು ಹೋದ. ಆಮೇಲೆ ನೋಡಿದರೆ ನನ್ನ ಸರ್ವೆ ನಂಬರಿಗೆ ಮೆಕ್ಕೆಜೋಳ ಬಿದ್ದಿದೆ. ಪಕ್ಕದ ಹೊಲದ್ದು!

ಕಂಪ್ಯೂಟರ್ ಬೈಯೋಕೆ ಇದನ್ನ ಬರೀತಿಲ್ಲ. ಕೈಬರಹದ ಪಹಣಿಗೆ ಎಷ್ಟು ತಿರುಗಿದ್ದೇವೆ ಅಂತ ನನ್ನ ವಯಸ್ಸಿನವರಿಗೆ ಗೊತ್ತು. 'ಭೂಮಿ' ಯೋಜನೆ ಬಂದಾಗ 15 ರೂಪಾಯಿಗೆ ತಾಲ್ಲೂಕು ಕಚೇರಿ ಕಿಟಕಿಯಲ್ಲಿ ಪಹಣಿ ಸಿಕ್ಕಿತು. ಅದು ಉಪಕಾರವೇ.

ಈಗಿನ ಪೇಚು ಬೇರೆ. ತಪ್ಪು ಒಳಗೇ ಕೂತಿರುತ್ತೆ, ದುಡ್ಡು ಬರದಿದ್ದಾಗಲೇ ತಿಳಿಯೋದು. 2023ರ ಬರಕ್ಕೆ 2000 ರೂಪಾಯಿವರೆಗಿನ ಮೊದಲ ಕಂತನ್ನು 'ಫ್ರೂಟ್ಸ್' ದಾಖಲೆ ನೋಡಿಯೇ ಖಾತೆಗೆ ಹಾಕಿದರು. ಬೆಳೆ ವಿಮೆಗೂ ಸಮೀಕ್ಷೆಯನ್ನೇ ತಾಳೆ ನೋಡ್ತಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯಲ್ಲಿ ಕಾಲುವೆ ನೀರಿದ್ದವರು ಹೆಂಗೋ ತಡ್ಕೊಂಡಾರು. ಮಳೆ ನಂಬಿದವರು?

'ಬೆಳೆ ದರ್ಶಕ' ಆ್ಯಪಿನಲ್ಲಿ ನೋಡಿ ಆಕ್ಷೇಪಣೆ ಹಾಕಬಹುದು, ಸರಿ. ಏಳನೇ ಕ್ಲಾಸಿನ ನನಗೆ ಅದಕ್ಕೆ ಮಗಳು ಬೇಕಾಯ್ತು. ಮಕ್ಕಳು ಬೆಂಗಳೂರು ಸೇರಿದ ಮನೆಯವರು ಯಾರನ್ನ ಕೇಳಬೇಕು?

ಪಂಚಾಯ್ತಿಯಲ್ಲಿ ಕಂಪ್ಯೂಟರಿದೆ, ಪ್ರಿಂಟರಿದೆ. ಪಿಡಿಒ, ಗ್ರಾಮ ಆಡಳಿತಾಧಿಕಾರಿ ಇಬ್ಬರೂ ಸೇರಿ ಆಕ್ಷೇಪಣೆ ಗಡುವಿಗೆ ಮುಂಚೆ ಸಮೀಕ್ಷೆ ಪಟ್ಟಿ ತೆಗೆದು ಗೋಡೆಗೆ ಹಚ್ಚಲಿ. ಗ್ರಾಮಸಭೆಯಲ್ಲಿ ಸರ್ವೆ ನಂಬರು ಕೂಗಿ ಓದಲಿ. ಪಕ್ಕದ ಹೊಲದವನೇ ಎದ್ದು "ಅಲ್ಲಿ ಶೇಂಗಾ ಇತ್ತು ಸ್ವಾಮಿ" ಅಂತಾನೆ. ಇದಕ್ಕೆ ಹೊಸ ಆ್ಯಪೇನೂ ಬೇಡ.

ನನ್ನ ಆಕ್ಷೇಪಣೆ ಇನ್ನೂ 'ಪರಿಶೀಲನೆಯಲ್ಲಿದೆ' ಅಂತಲೇ ತೋರಿಸ್ತಿದೆ. ಶೇಂಗಾ ಕಿತ್ತು, ಮಾರಿ, ಹೊಲ ಮತ್ತೆ ಹರಗಿದ್ದೂ ಆಯ್ತು.